ನೀರಿನ ಕೆಳಗಿನ ಊರು, ಗಾಜಿನ ಶಾಸನಸಭೆ

ಆರು ತಿಂಗಳ ಆನ್‌ಸೈಟ್ ಅಂತ ಕಾರ್ಡಿಫ್‌ಗೆ ಹೊರಟಾಗ ನನ್ನ ತಲೆಯಲ್ಲಿದ್ದದ್ದು ಎರಡೇ ಲೆಕ್ಕ: ಚಳಿ ಎಷ್ಟಿರುತ್ತೆ, ಪೌಂಡು ಎಷ್ಟು ಉಳಿಯುತ್ತೆ. ವೇಲ್ಸ್ ಅಂದ್ರೆ ಇಂಗ್ಲೆಂಡಿನದೇ ಒಂದು ದೊಡ್ಡ ಜಿಲ್ಲೆ ಇರಬಹುದು ಅಂದುಕೊಂಡಿದ್ದೆ. ಮೊದಲನೇ ವಾರ ಊಟದ ಹೊತ್ತಲ್ಲಿ ಅದನ್ನ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಪಕ್ಕದ ಸೀಟಿನ ಸಹೋದ್ಯೋಗಿ, ಐವತ್ತು ದಾಟಿದ ಮನುಷ್ಯ, ಸ್ಯಾಂಡ್‌ವಿಚ್ ಕೆಳಗಿಟ್ಟ. ಬೈಯಲಿಲ್ಲ. "ಶನಿವಾರ ಬಿಡುವಿದ್ಯಾ? ನಿಂಗೊಂದು ಕೆರೆ ತೋರಿಸ್ಬೇಕು" ಅಂದ.

ಶನಿವಾರ ಉತ್ತರಕ್ಕೆ ಗಂಟೆಗಟ್ಟಲೆ ಪ್ರಯಾಣ. ಬೆಟ್ಟಗಳ ನಡುವೆ ತೆಪ್ಪಗೆ ಮಲಗಿದ್ದ ನೀರು. ಚೆನ್ನಾಗಿದೆ ಅಂತ ಫೋಟೋಗೆ ಮೊಬೈಲ್ ಎತ್ತಿದೆ. "ಇದರ ಕೆಳಗೆ ಒಂದೂರಿದೆ" ಅಂದ. ಮೊಬೈಲ್ ಇಳಿಸಿದೆ. ಚಿಕ್ಕವನಿದ್ದಾಗ ನಮ್ಮಜ್ಜಯ್ಯನೂ ನೀರಿನ ಕಡೆ ಕೈ ತೋರಿಸಿ ನನಗೆ ಇದೇ ಮಾತು ಹೇಳಿದ್ದ.

ನಮ್ಮದು ಸಾಗರ ತಾಲ್ಲೂಕು. ನಾವು ಮುಳುಗಡೆಯವರು. ನಮ್ಮ ಕಡೆ ಇಷ್ಟು ಹೇಳಿದ್ರೆ ಸಾಕು, ಮಿಕ್ಕಿದ್ದು ಅರ್ಥವಾಗುತ್ತೆ. ನಿಮಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಗದ್ದೆ, ತೋಟ, ಮನೆ ಬಿಟ್ಟು ಎದ್ದ ಸಾವಿರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ಅಜ್ಜಯ್ಯನಿಗೆ ಕಾಡಲ್ಲೊಂದು ಜಾಗ ತೋರಿಸಿ, ಕಡಿದು ಸಾಗುವಳಿ ಮಾಡ್ಕೊಳ್ಳಿ ಅಂದ್ರಂತೆ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ಇಳಿದ್ರೆ ಹಳೇ ಮಡೆನೂರು ಅಣೆಕಟ್ಟು ಮೇಲೆ ಕಾಣಿಸುತ್ತೆ. ಜನ ಕಾರು ಮಾಡಿಕೊಂಡು ಬಂದು ರೀಲ್ಸ್ ಮಾಡ್ತಾರೆ.

ವೇಲ್ಸಿನ ಆ ಊರಿನ ಹೆಸರು ಕಾಪೆಲ್ ಕೆಲಿನ್. ವೆಲ್ಶ್ ಭಾಷೆಯನ್ನೇ ಮಾತಾಡುತ್ತಿದ್ದ ಪುಟ್ಟ ಹಳ್ಳಿ. ಶಾಲೆ, ಪ್ರಾರ್ಥನಾ ಮಂದಿರ, ಅಂಚೆ ಕಚೇರಿ, ಒಂದಷ್ಟು ಹೊಲಮನೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಿತ್ತು. ನಗರಸಭೆ ವೇಲ್ಸಿನ ಸ್ಥಳೀಯ ಆಡಳಿತಗಳನ್ನ ಕೇಳುವ ಗೋಜಿಗೇ ಹೋಗದೆ ನೇರವಾಗಿ ಲಂಡನ್ನಿನ ಸಂಸತ್ತಿಗೆ ಮಸೂದೆ ತಂದಿತು. 1957ರಲ್ಲಿ ಅದು ಪಾಸಾಯಿತು. ವೇಲ್ಸಿನ 36 ಸಂಸದರಲ್ಲಿ ಒಬ್ಬರೂ ಪರವಾಗಿ ಮತ ಹಾಕಲಿಲ್ಲ. ಹಾಕದಿದ್ದರೂ ಏನೂ ವ್ಯತ್ಯಾಸ ಆಗಲಿಲ್ಲ. 1965ರಲ್ಲಿ ಜಲಾಶಯದ ಉದ್ಘಾಟನೆ ಆಯಿತು. ನಮ್ಮೂರು ಮುಳುಗಿದ್ದಕ್ಕೂ ಅದಕ್ಕೂ ಹೆಚ್ಚುಕಮ್ಮಿ ಒಂದೇ ವರ್ಷದ ಅಂತರ.

ವಾಪಸ್ ಬರುವಾಗ ಅವನು ಇಡೀ ಕಥೆ ಹೇಳಿದ. ವೇಲ್ಸಿಗೆ ಸ್ವಂತ ಶಾಸನಸಭೆ ಬೇಕಾ ಅಂತ 1979ರಲ್ಲಿ ಜನರನ್ನ ಕೇಳಿದಾಗ ದೊಡ್ಡ ಬಹುಮತದಿಂದ ಬೇಡ ಅಂದ್ರು. 1997ರಲ್ಲಿ ಮತ್ತೆ ಕೇಳಿದಾಗ ಶೇ. 50.3 ಜನ ಹೌದು ಅಂದ್ರು. ಅಂತರ 6,721 ಮತ ಮಾತ್ರ. ಹೀಗೆ ಹುಟ್ಟಿದ ಸಭೆಗೆ ಶುರುವಿನಲ್ಲಿ ಸ್ವಂತ ಕಾಯ್ದೆ ಮಾಡೋ ಅಧಿಕಾರವೇ ಇರಲಿಲ್ಲ. ಆಮೇಲೆ ಕೊಟ್ಟರು, ಆದರೆ ಹೊಸ ವಿಷಯಕ್ಕೆ ಕೈ ಹಾಕಬೇಕಾದಾಗೆಲ್ಲ ಲಂಡನ್ನಿನ ಅನುಮತಿ ತರಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೆಲಸಕ್ಕೆ ಸೇರಿಸಿಕೊಂಡು ಆಕ್ಸೆಸ್ ಕೊಡದೆ, ಪ್ರತಿಯೊಂದಕ್ಕೂ ಟಿಕೆಟ್ ಹಾಕು ಅಂದ ಹಾಗೆ. 2011ರಲ್ಲಿ ಈ ರಗಳೆ ಸಾಕಾ ಅಂತ ಕೇಳಿದಾಗ ಮತ ಹಾಕಿದವರಲ್ಲಿ ಶೇ. 63ಕ್ಕಿಂತ ಹೆಚ್ಚು ಜನ ಸಾಕು, ಅಧಿಕಾರ ಪೂರ್ತಿ ಕೊಡಿ ಅಂದ್ರು. ಅಂಗಾಂಗ ದಾನಕ್ಕೆ ಬೇಡ ಅನ್ನದವರೆಲ್ಲ ಒಪ್ಪಿದ ಹಾಗೆ ಅನ್ನೋ ಕಾಯ್ದೆಯನ್ನ ಇಡೀ ಬ್ರಿಟನ್ನಿನಲ್ಲಿ ಮೊದಲು ತಂದದ್ದು ಇದೇ ಸಭೆ. ಈಗ ಅದರ ಹೆಸರು ಸೆನೆಡ್. ಪೊಲೀಸ್, ಕೋರ್ಟು, ಜೈಲು ಮಾತ್ರ ಇವತ್ತಿಗೂ ಲಂಡನ್ನಿನ ಕೈಯಲ್ಲೇ ಇವೆ. ಅವೂ ನಮಗೆ ಬರಬೇಕು ಅನ್ನೋದು ನನ್ನ ಸಹೋದ್ಯೋಗಿಯ ವಾದ. ಇರೋ ಆಸ್ಪತ್ರೆಗಳನ್ನೇ ನೆಟ್ಟಗೆ ನೋಡಿಕೊಳ್ಳೋಕಾಗ್ತಿಲ್ಲ, ಇನ್ನೂ ಅಧಿಕಾರ ಯಾಕೆ ಅನ್ನೋದು ಅವನ ಹೆಂಡತಿಯ ವಾದ. ಆ ಮನೆಯಲ್ಲಿ ಊಟಕ್ಕೆ ಕೂತ್ರೆ ಎರಡೂ ಕಡೆಯದು ಕೇಳಿಸುತ್ತೆ.

ಮುಂದಿನ ವಾರ ಸೆನೆಡ್ ನೋಡೋಕೆ ಹೋದೆ. ಸಮುದ್ರದ ದಂಡೆಯಲ್ಲಿರೋ ಗಾಜಿನ ಕಟ್ಟಡ. ಬ್ಯಾಗ್ ಚೆಕ್ ಮಾಡಿ ಒಳಗೆ ಬಿಟ್ಟರು. ಮೇಲೆ ಕೂತು ಕೆಳಗೆ ನಡೆಯೋ ಚರ್ಚೆ ನೋಡಬಹುದು. ಒಬ್ಬರು ವೆಲ್ಶ್‌ನಲ್ಲಿ ಮಾತಾಡಿದ್ರು, ಹೆಡ್‌ಫೋನ್‌ನಲ್ಲಿ ಇಂಗ್ಲಿಷ್ ಬಂತು. ನಮ್ಮ ವಿಧಾನಸೌಧದ ಎದುರು ನಾನು ಎಷ್ಟೋ ಸೆಲ್ಫಿ ತೆಗೆದಿದ್ದೀನಿ, ಒಳಗೆ ಇವತ್ತಿಗೂ ಕಾಲಿಟ್ಟಿಲ್ಲ. ಇವರಿಗೆ ಕೇಳಿದ್ದೆಲ್ಲ ಕೊಟ್ಟುಬಿಡಬೇಕು ಅಂತ ಆ ಗ್ಯಾಲರಿಯಲ್ಲಿ ಕೂತು ತೀರ್ಮಾನ ಮಾಡಿದೆ.

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿ ಉತ್ಸಾಹದಲ್ಲಿ ಎಲ್ಲ ವರದಿ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಅಲ್ಲಾ ಮಾರಾಯ, ಅವ್ರನ್ನ ಮುಳುಗಿಸ್ದೋರು ಬೇರೆ ಊರೋರು, ಬೇರೆ ಭಾಷೆಯೋರು. ನಮ್ಮನ್ನ ಮುಳುಗಿಸ್ದೋರು ಯಾರು? ನಮ್ಮೋರೇ ಅಲ್ದಾ? ನಿಮ್ಮಜ್ಜಯ್ಯನೇ ವೋಟು ಹಾಕಿದ್ದು. ಕನ್ನಡದಲ್ಲೇ ಹೇಳಿ ಎಬ್ಬಿಸ್ದ್ರು."

ನನ್ನ ತೀರ್ಮಾನ ಅಲ್ಲಿಗೆ ಮುಗೀತು. ಲಿಂಗನಮಕ್ಕಿ ಕಟ್ಟಿದ್ದು ಆಗಿನ ಮೈಸೂರು ರಾಜ್ಯ. ನಾಡಿಗೆ ಕರೆಂಟ್ ಬೇಕಿತ್ತು, ನಿಜ. ನಾನು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕೋ ಕರೆಂಟಿನಲ್ಲೂ ಆ ನೀರಿನ ಪಾಲಿದೆ. ಹಾಗಾಗಿ ಪೂರ್ತಿ ಬೈಯೋಕೂ ನನಗೆ ಬಾಯಿ ಬರಲ್ಲ.

ಇನ್ನೊಂದು ಸಂಗತಿಯಿದೆ. ನಾವಿರೋ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ದಾಖಲೆಯಲ್ಲಿ ಅದು ಕಾಡು. ಅಜ್ಜಯ್ಯ ಒಂದು ಟ್ರಂಕಿನ ತುಂಬ ಕಾಗದ ಬಿಟ್ಟು ಹೋದ. ನಮ್ಮ ಸಂವಿಧಾನದಲ್ಲಿ ಅರಣ್ಯ ಮೊದಲು ರಾಜ್ಯದ ವಿಷಯವಾಗಿತ್ತು. 1976ರ 42ನೇ ತಿದ್ದುಪಡಿ ಅದನ್ನ ಕೇಂದ್ರ, ರಾಜ್ಯ ಇಬ್ಬರ ಪಟ್ಟಿಗೂ ತಂದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಅರಣ್ಯಭೂಮಿಯನ್ನ ಬೇರೆ ಕೆಲಸಕ್ಕೆ ಬಿಡಬೇಕಾದ್ರೆ ಕೇಂದ್ರದ ಒಪ್ಪಿಗೆ ಬೇಕು. ಅದಕ್ಕೇ ಅಪ್ಪಯ್ಯ ಎಲ್ಲಿ ಹೋಗಿ ಕೇಳಿದ್ರೂ "ಮೇಲೆ ಹೋಗಿದೆ" ಅನ್ನೋ ಒಂದೇ ಉತ್ತರ. ಹಾಗಾದ್ರೆ ಅಧಿಕಾರ ಬೆಂಗಳೂರಿಗೇ ಬಂದ್ರೆ ಎಲ್ಲ ಸರಿಹೋಗುತ್ತಾ? ಹಾಗಂತ ಎಷ್ಟೋ ವರ್ಷ ನಂಬಿದ್ದೆ. ಆದ್ರೆ ಲೆಕ್ಕ ಹಾಕಿ ನೋಡಿ: 1964ರಿಂದ 1980ರವರೆಗೆ ಹದಿನಾರು ವರ್ಷ ದಿಲ್ಲಿಯ ಅಪ್ಪಣೆ ಬೇಕಿರಲಿಲ್ಲ. ಆಗಲೂ ನಮ್ಮ ಕಾಗದ ಆಗಲಿಲ್ಲ. ಅದರ ಮೇಲೆ, ಆ ಕಾಯ್ದೆ ಬರದೇ ಹೋಗಿದ್ರೆ ನಮ್ಮ ಸುತ್ತ ಇಷ್ಟು ಕಾಡು ಉಳೀತಿತ್ತಾ ಅನ್ನೋ ಅನುಮಾನವೂ ನನಗಿದೆ.

ಸೋಮವಾರ ಅಪ್ಪಯ್ಯನ ಮಾತನ್ನ ಸಹೋದ್ಯೋಗಿಗೆ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದ. "ನಮಗೆ ಬೈಯೋಕೆ ಲಿವರ್‌ಪೂಲ್ ಆದ್ರೂ ಇತ್ತು" ಅಂದ. ಆಮೇಲೆ ಅವನೇ ಇನ್ನೊಂದು ವಿಷಯ ತೆಗೆದ. 2023ರಲ್ಲಿ ವೇಲ್ಸ್ ಸರ್ಕಾರ ಊರೊಳಗಿನ ರಸ್ತೆಗಳಲ್ಲಿ ವೇಗದ ಮಿತಿಯನ್ನ ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಸಿತು. ಜನ ರೊಚ್ಚಿಗೆದ್ದರು. 30 ಲಕ್ಷದಷ್ಟು ಜನಸಂಖ್ಯೆಯ ನಾಡಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಹಿಗಳ ಅರ್ಜಿ ಸೆನೆಡ್‌ಗೆ ಬಂತು. ಮಾರನೇ ವರ್ಷ ಸರ್ಕಾರವೇ ಬಗ್ಗಿ, ಬೇಕಾದ ರಸ್ತೆಗಳಲ್ಲಿ ಮಿತಿ ವಾಪಸ್ ಏರಿಸೋಕೆ ದಾರಿ ಮಾಡಿಕೊಟ್ಟಿತು. "ತಪ್ಪು ಇಲ್ಲಿಯವರೂ ಮಾಡ್ತಾರೆ. ಆದ್ರೆ ಇವರ ಮನೆ ಬಾಗಿಲು ನಂಗೊತ್ತು" ಅಂದ. ಕಾಪೆಲ್ ಕೆಲಿನ್ ಜನ 1956ರಲ್ಲಿ ಲಿವರ್‌ಪೂಲ್ ಬೀದಿಯಲ್ಲಿ ಮೆರವಣಿಗೆ ಮಾಡಿದ್ರು. ಅಲ್ಲಿನ ನಗರಸಭೆಗೆ ಇವರ ಮತ ಬೇಕಿರಲಿಲ್ಲ.

ಆದ್ದರಿಂದ ನನ್ನ ಉತ್ತರ ಈಗಲೂ ಹೌದು. ಸೆನೆಡ್‌ಗೆ ಹೆಚ್ಚಿನ ಅಧಿಕಾರ ಕೊಡಲಿ. ಕಾರ್ಡಿಫ್‌ನವರು ಲಂಡನ್ನಿನವರಿಗಿಂತ ಒಳ್ಳೆಯವರು ಅಂತಲ್ಲ, ಅವರನ್ನ ಹಿಡಿದು ಕೇಳೋದು ಸುಲಭ ಅಂತ. ಆದ್ರೆ ಕೆಳಗಿಳಿದ ಅಧಿಕಾರ ರಾಜಧಾನಿಗೇ ಬಂದು ನಿಂತರೆ ಕಾಪೆಲ್ ಕೆಲಿನ್ ತಪ್ಪಿಸಿ ಲಿಂಗನಮಕ್ಕಿ ಮಾಡಿಕೊಂಡ ಹಾಗೆ. 1993ರಲ್ಲಿ 73ನೇ ತಿದ್ದುಪಡಿ ಜಾರಿಗೆ ಬಂದು ನಮ್ಮ ಪಂಚಾಯ್ತಿಗೂ ಸಂವಿಧಾನದಲ್ಲಿ ಜಾಗ ಸಿಕ್ಕಿದೆ. ದಿಲ್ಲಿ ಮುಂದೆ ಅಧಿಕಾರ ಕೇಳುವಾಗ ಬೆಂಗಳೂರಿನ ದನಿ ಜೋರಾಗಿರುತ್ತೆ. ಅದೇ ಮಾತನ್ನ ಗ್ರಾಮಸಭೆ ಕೇಳಿದಾಗ ಬೆಂಗಳೂರಿಗೆ ಕಿವಿ ಮಂದ. ಊರು ಬಿಟ್ಟೇಳಿ ಅನ್ನೋ ಮುಂಚೆ ಆ ಊರಿಗೆ ಒಲ್ಲೆ ಅನ್ನೋ ಹಕ್ಕಿರಬೇಕು. ಎದ್ದವರಿಗೆ ಕಾಗದ ಮೊದಲು ಸಿಗಬೇಕು, ನೀರು ಆಮೇಲೆ ಏರಬೇಕು.

ಹೊರಡೋ ಹಿಂದಿನ ದಿನ ಅಪ್ಪಯ್ಯನ ಜೊತೆ ಮಾತಾಡುವಾಗ ಇನ್ನೊಂದು ಸುದ್ದಿ ಹೇಳಿದೆ. ಊರು ಮುಳುಗಿಸಿದ್ದಕ್ಕೆ 2005ರಲ್ಲಿ, ನಲವತ್ತು ವರ್ಷ ಕಳೆದಮೇಲೆ, ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದೆ ಅಂತ.

"ಹೌದಾ? ಬರೆದು ಕೊಟ್ರಾ?"

"ಹೌದು, ಬರೆದೇ ಹೇಳಿದ್ದಾರೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ನಮ್ಗೆ ಕ್ಷಮೆಗಿಮೆ ಎಂತದೂ ಬೇಡ. ಪಹಣಿ ಕೊಟ್ರೆ ಸಾಕು" ಅಂದರು. ಬರುವಾಗ ಟ್ರಂಕಿಗೆ ಒಂದು ಗಟ್ಟಿ ಬೀಗ ತಾ ಅಂತಲೂ ಹೇಳಿದರು. ಹಳೆಯದು ತುಕ್ಕು ಹಿಡಿದಿದೆಯಂತೆ.