ಕಡ್ಡಿಯ ಮೇಲಿನ ಶೈತ್ಯ

ನಮ್ಮ ಬಡಾವಣೆಯ ತಿರುವಿನಲ್ಲಿ, ಹಿಂದೆ ಸೌದೆ ಡಿಪೋ ಇದ್ದ ಜಾಗದಲ್ಲಿಯೇ, ಐಸ್‌ಕ್ಯಾಂಡಿಯ ಅಂಗಡಿಯೊಂದು ತಲೆಯೆತ್ತಿರುವುದನ್ನು ಅಗ್ನಿಯ ಮೇಲೆ ಹಿಮವು ಸಾಧಿಸಿದ ವಿಜಯವೆಂದೇ ನಾನು ಭಾವಿಸಿದ್ದೇನೆ. ಪುನರ್ಪುಳಿ, ನೇರಳೆ, ಎಳನೀರು, ಉಪ್ಪುಖಾರ ಬೆರೆತ ಸೀಬೆ ಎಂದು ಅಲ್ಲಿ ದೊರೆಯುವ ನಾನಾ ರುಚಿಗಳಲ್ಲಿ ಸೀಬೆಯದೇ ಸರ್ವಶ್ರೇಷ್ಠವೆಂಬುದು ನನ್ನ ನಿರ್ಣಯ; ಕಾಫಿಯ ಕ್ಯಾಂಡಿಯನ್ನು ಮಾತ್ರ ಕ್ಷಮಿಸಲಾರೆನು, ಏಕೆಂದರೆ ಬಿಸಿಯಾಗಿರುವುದು ಕಾಫಿಯ ಕುಲಧರ್ಮ.

ನನ್ನ ಬಾಲ್ಯದಲ್ಲಿ ಈ ಪದಾರ್ಥವು ಸೈಕಲ್ಲಿಗೆ ಕಟ್ಟಿದ ಮರದ ಪೆಟ್ಟಿಗೆಯಲ್ಲಿ, ರಬ್ಬರಿನ ಹಾರನ್ನಿನ ಘೋಷದೊಡನೆ ಬೀದಿಗೆ ಆಗಮಿಸುತ್ತಿತ್ತು. ಯಾವ ಬಾವಿಯ ನೀರೋ, ಯಾರ ಕೈಯದೋ ಎಂದು ಶಂಕಿಸುತ್ತಿದ್ದ ನನ್ನಜ್ಜಿಯು, ಹೋಟೆಲಿನ ಲೋಟವನ್ನು ಮುಟ್ಟಲು ಎಂದಿಗೂ ಅನುಮತಿಸದವಳು, ಕ್ಯಾಂಡಿಯ ವಿಷಯದಲ್ಲಿ ಮಾತ್ರ ಸೋಲುತ್ತಿದ್ದಳು. “ಅಲ್ಲೇ ನಿಂತು ತಿಂದು, ಕಡ್ಡಿ ಬೀದಿಗೆಸೆದು, ಕೈಬಾಯಿ ತೊಳ್ಕೊಂಡು ಒಳಗೆ ಬಾ” ಎಂಬುದು ಆಕೆಯ ಶಾಸನ. ತಟ್ಟೆಯಿಲ್ಲ, ಲೋಟವಿಲ್ಲ, ತೊಳೆಯುವವರ ಹಂಗಿಲ್ಲ. ಆದಕಾರಣ ಮಡಿಮೈಲಿಗೆಯ ಪ್ರಶ್ನೆಯು ಹೊಸಿಲಿನಾಚೆಯೇ ಕರಗಿಹೋಗುತ್ತಿತ್ತು. ಆ ಬಿದಿರಿನ ಚೂರು ಮಾಡಿದ ಸಮಾಜಸುಧಾರಣೆಯನ್ನು ಯಾವ ಸಭೆಯೂ ಸನ್ಮಾನಿಸಲಿಲ್ಲ.

ಅದನ್ನು ಸುಧಾರಣೆಯೆಂದೇ ಕರೆಯಬೇಕು, ಏಕೆಂದರೆ ಕಡ್ಡಿಗೆ ಮುಂಚೆ ಶೈತ್ಯವೆಂಬುದು ದೊಡ್ಡವರ ಸೊತ್ತಾಗಿದ್ದಿತು. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪಿನಿಂದ ನೀರನ್ನು ತಂಪಾಗಿಸುತ್ತಿದ್ದ ಕ್ರಮವನ್ನು ‘ಐನ್-ಇ-ಅಕ್ಬರಿ’ಯು ವರ್ಣಿಸುತ್ತದೆ. 1833ರಲ್ಲಿ ಬಾಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರನು ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿಸಿ, ತಿಂಗಳುಗಟ್ಟಲೆಯ ಕಡಲಯಾನದಲ್ಲಿ ಕರಗಿದ್ದು ಕರಗಿ ಉಳಿದದ್ದನ್ನು ಕಲ್ಕತ್ತೆಯ ದೊರೆಗಳಿಗೆ ಮಾರಿಸಿದನು. ಆ ವ್ಯಾಪಾರಕ್ಕಾಗಿ ಮದರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್‌ಹೌಸಿನಲ್ಲಿಯೇ, ಮಂಜಿನ ಕಾಲ ಮುಗಿದ ಬಳಿಕ, 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಆದರೆ ಆ ಮಂಜೆಲ್ಲವೂ ಗಾಜಿನ ಲೋಟವನ್ನೂ ಅದನ್ನು ಹಿಡಿದು ನಿಲ್ಲುವ ಸೇವಕನನ್ನೂ ಬೇಡುತ್ತಿದ್ದಿತು. ಅದನ್ನು ಈ ಹಂಗಿನಿಂದ ಬಿಡಿಸಿದವನು, ಪ್ರಸಿದ್ಧವಾದ ಕಥೆಯ ಪ್ರಕಾರ, ಹನ್ನೊಂದು ವರ್ಷದ ಹುಡುಗ: 1905ರ ಒಂದು ಚಳಿಯ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸೀಮೆಯಲ್ಲಿ, ಫ್ರಾಂಕ್ ಎಪರ್‌ಸನ್ ಎಂಬಾತನು ಪಾನಕ ಕಲಕುತ್ತಿದ್ದ ಕಡ್ಡಿಯನ್ನು ಬಟ್ಟಲಿನಲ್ಲಿಯೇ ಬಿಟ್ಟು ಮಲಗಿದನು, ಬೆಳಗಾಗುವಾಗ ಪಾನಕಕ್ಕೆ ಹಿಡಿಕೆ ಬಂದಿದ್ದಿತು. ದೊಡ್ಡವನಾದ ಮೇಲೆ, 1924ರಲ್ಲಿ, ಅವನಿಗೆ ಅದರ ಪೇಟೆಂಟೂ ದೊರೆಯಿತು.

ಹೊರಗಿನ ಚಳಿಯು ಅಮೆರಿಕದಲ್ಲಿ ಮಾಡಿದ ಕೆಲಸವನ್ನು ನಮ್ಮಲ್ಲಿ ಉಪ್ಪು ಮಾಡಬೇಕಾಯಿತು. ನಮ್ಮೂರಿನ ಐಸ್ ಫ್ಯಾಕ್ಟರಿಯಲ್ಲಿ ನಾನು ಕಿಟಕಿಗೆ ಮೂಗೊತ್ತಿ ನೋಡುತ್ತಿದ್ದುದು ಇದನ್ನೇ: ತೊಟ್ಟಿಯೊಂದರಲ್ಲಿ ಉಪ್ಪು ಕರಗಿದ ನೀರು ಶೂನ್ಯ ಡಿಗ್ರಿಗಿಂತ ಎಷ್ಟೋ ಕೆಳಗಿಳಿದರೂ ಹೆಪ್ಪುಗಟ್ಟದೆ, ತನ್ನಲ್ಲಿ ಮುಳುಗಿಸಿದ ತಗಡಿನ ಅಚ್ಚುಗಳೊಳಗಿನ ಕೆಂಪು, ಕಿತ್ತಳೆ ಬಣ್ಣದ ನೀರಿನ ಶಾಖವನ್ನು ಹೀರಿ, ಅದನ್ನು ಕಲ್ಲಾಗಿಸುತ್ತಿತ್ತು, ಬಳಿಕ ಅಚ್ಚನ್ನು ಸಾದಾ ನೀರಿನಲ್ಲಿ ಕ್ಷಣಮಾತ್ರ ಅದ್ದಿದೊಡನೆ ಕ್ಯಾಂಡಿಗಳು ಸಡಿಲಿ ಕೈಗೆ ಬರುತ್ತಿದ್ದವು. ಊರಿನ ಬಡಹುಡುಗರ ಹಲ್ಲುಗಳೂ ನಮ್ಮ ಹಲ್ಲುಗಳೂ ಸಮಾನವಾಗಿ ಜುಮ್ಮೆಂದದ್ದು ಆ ತೊಟ್ಟಿಯ ಪ್ರಸಾದದಿಂದ.

ಅಮೆರಿಕದಲ್ಲಿ ಹಣದ ಮುಗ್ಗಟ್ಟಿನ ದಿನಗಳಲ್ಲಿ, ಐದು ಸೆಂಟಿನ ಒಂದು ಕ್ಯಾಂಡಿಯನ್ನು ಇಬ್ಬರು ಮಕ್ಕಳು ಮುರಿದು ಹಂಚಿಕೊಳ್ಳಲೆಂದು ಜೋಡಿ ಕಡ್ಡಿ ಚುಚ್ಚಿ ಮಾರುತ್ತಿದ್ದರಂತೆ. ಈ ಸದ್ವಿಚಾರವನ್ನು ನಮ್ಮ ಅಂಗಡಿಯಾಕೆಗೆ ಸವಿಸ್ತಾರವಾಗಿ ನಿವೇದಿಸಿದೆ. ಆಕೆ ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ, “ಅರ್ಧ ಸಾಕು ಅನ್ನೋರೇ ಬಂದರೆ, ಇನ್ನರ್ಧ ನಾನು ಯಾರಿಗೆ ಮಾರಲಿ ಸಾರ್?” ಎಂದಳು.