ಕಾಂತೊ, ಕಾಂತಿ, ಕಾಂತ

ಕೆಲವರಿಗೆ ಸುಡೊಕು, ಕೆಲವರಿಗೆ ಪದಬಂಧ, ನಮ್ಮ ಸೊಸೈಟಿಯ ನಿವೃತ್ತರಿಗೆ ಪಾರ್ಕಿನ ಬಿಸಿಲಲ್ಲಿ ಕೂತು ಇಸ್ಪೀಟು. ನನಗೆ ಇಟಾಲಿಯನ್ ಕ್ರಿಯಾಪದ. ಅದರಲ್ಲೂ ಹೇಳಿದ ಮಾತು ಮೀರದೆ ನಿಯಮದಂತೆ ನಡೆಯುವ ಸಾಧು ಕ್ರಿಯಾಪದ. ಒಂದು ಧಾತುವನ್ನು ಹಿಡಿದು, ಮೂರು ಪುರುಷ ಎರಡು ವಚನಗಳಲ್ಲಿ, ಇರುವಷ್ಟೂ ಕಾಲಗಳಲ್ಲಿ ನಡೆಸಿಕೊಂಡು ಹೋಗಿ ಹಾಳೆ ತುಂಬಿಸಿದಾಗ ಆಗುವ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಘಾಜಿಯಾಬಾದಿನ ವೈಶಾಲಿಯಲ್ಲಿ ಕೂತು ಇದೇನು ಕೆಲಸ ಎಂದು ಕೇಳಿದರೆ ಉತ್ತರವಿಲ್ಲ. ಇಟಲಿಗೆ ಹೋಗುವ ಆಲೋಚನೆ ಇಲ್ಲ, ಅಲ್ಲಿ ನೆಂಟರಿಲ್ಲ, ಪಾಸ್ತಾ ನನಗೆ ಅಷ್ಟಾಗಿ ಸೇರುವುದೂ ಇಲ್ಲ.

ಮೊದಲು ಹಿಡಿದದ್ದು 'ಕಾಂತಾರೆ'. ಹಾಡುವುದು ಎಂದರ್ಥ, ರಿಷಬ್ ಶೆಟ್ಟರ ಸಿನಿಮಾಕ್ಕೂ ಇದಕ್ಕೂ ಬಾದರಾಯಣ ಸಂಬಂಧ. ಕೊನೆಯ 'ಆರೆ' ಕಳಚಿ, ಉಳಿದ 'ಕಾಂತ್'ಗೆ ಒಂದೊಂದೇ ಬಾಲ ಅಂಟಿಸುತ್ತ ಹೋಗಬೇಕು: ಕಾಂತೊ, ಕಾಂತಿ, ಕಾಂತ, ಕಾಂತ್ಯಾಮೊ, ಕಾಂತಾತೆ, ಕಾಂತನೊ. ಹಾಡುತ್ತೇನೆ, ಹಾಡುತ್ತೀಯೆ, ಹಾಡುತ್ತಾನೆ ಅಥವಾ ಹಾಡುತ್ತಾಳೆ, ಹಾಡುತ್ತೇವೆ, ಹಾಡುತ್ತೀರಿ, ಹಾಡುತ್ತಾರೆ. ಮೊದಲ ಮೂರನ್ನು ಗಟ್ಟಿಯಾಗಿ ಹೇಳಿದರೆ ಯಾರೋ ಮನೆಮಕ್ಕಳನ್ನು ಊಟಕ್ಕೆ ಕರೆದ ಹಾಗಿರುತ್ತದೆ. ಕೊನೆಯದರಲ್ಲಿ ಒಂದು ಮರ್ಮವಿದೆ: ದನಿಯ ಭಾರವೆಲ್ಲ 'ಕಾಂ' ಮೇಲೆ ಬಿದ್ದು ಉಳಿದ ಅಕ್ಷರಗಳು ಅವಸರದಲ್ಲಿ ಜಾರಬೇಕು. 'ಅವರು ಫೋನ್ ಮಾಡುತ್ತಾರೆ' ಎನ್ನುವುದಕ್ಕೆ 'ತೆಲೇಫೊನನೊ' ಎನ್ನುವಾಗ ಎರಡನೆಯ ಅಕ್ಷರದ ಮೇಲೆ ನಿಂತು ಮುಂದಿನ ಮೂರನ್ನು ಒಂದೇ ಉಸಿರಿಗೆ ಉದುರಿಸಬೇಕು. ನಾಲಿಗೆಗೆ ಇಷ್ಟು ಚೆನ್ನಾದ ವ್ಯಾಯಾಮ ನನಗೆ ಗೊತ್ತಿಲ್ಲ.

ಕುಲಗಳು ಮೂರು: 'ಆರೆ', 'ಎರೆ', 'ಇರೆ'. ಆರೆ ಕುಲ ದೊಡ್ಡದು ಮತ್ತು ಸಭ್ಯ. ಅಲ್ಲಿ ದಾರಿ ಬಿಟ್ಟವರು ಅಂದಾರೆ, ದಾರೆ, ಸ್ತಾರೆ. ಹಳೆಯ ಲೆಕ್ಕದಲ್ಲಿ ಬೇರೆ ಕುಲದವನಾದ ಫಾರೆಯನ್ನೂ ಸೇರಿಸಿದರೆ ನಾಲ್ಕು. ಭಾಷೆಗೆ ಹೊಸದಾಗಿ ಬರುವ ಕ್ರಿಯಾಪದಗಳೆಲ್ಲ ಬಹುಪಾಲು ಈ ಮನೆಗೇ ಬರುತ್ತವೆ. ಮೌಸ್ ಒತ್ತುವುದು 'ಕ್ಲಿಕ್ಕಾರೆ' ಆಯಿತು, ನಾವು 'ಕ್ಲಿಕ್ಕಿಸು' ಎಂದ ಹಾಗೆ. ನಮ್ಮ 'ಇಸು' ಕೂಡ ಬಂದವರಿಗೆಲ್ಲ ಮಣೆ ಹಾಕುವ ಪ್ರತ್ಯಯವೇ. ಎರೆ ಕುಲದವರನ್ನು ನಂಬುವಂತಿಲ್ಲ. ವರ್ತಮಾನದಲ್ಲಿ ಸೌಮ್ಯವಾಗಿದ್ದು ಭೂತಕಾಲಕ್ಕೆ ಬಂದರೆ ಹೆಚ್ಚಿನವರು ವೇಷ ಬದಲಿಸುತ್ತಾರೆ. ಇರೆ ಕುಲದಲ್ಲಿ ಎರಡು ಬಣ. 'ದೊರ್ಮೀರೆ', ಅಂದರೆ ನಿದ್ರಿಸು, ನೇರವಾಗಿ ದೊರ್ಮೊ, ದೊರ್ಮಿ, ದೊರ್ಮೆ ಎಂದು ನಡೆಯುತ್ತದೆ. 'ಫಿನೀರೆ', ಅಂದರೆ ಮುಗಿಸು, ನಡುವೆ 'ಇಸ್ಕ್' ಎಂಬ ಆಗಮವನ್ನು ಕರೆದುಕೊಂಡು ಬರುತ್ತದೆ: ಫಿನಿಸ್ಕೊ, ಫಿನಿಶಿ, ಫಿನಿಶೆ. ಆದರೆ 'ನಾವು' ಮತ್ತು 'ನೀವು' ಬಂದಾಗ ಅದು ಮಾಯ: ಫಿನ್ಯಾಮೊ, ಫಿನೀತೆ. ಈ ಎರಡರಲ್ಲಿ ದನಿಯ ಒತ್ತು ಬಾಲದ ಮೇಲಿದೆ, ಹಾಗಾಗಿ ಧಾತುವಿಗೆ ಊರುಗೋಲು ಬೇಡ. ಈ ಕಾರಣ ತಿಳಿದ ದಿನ ನನಗಾದ ಸಂಭ್ರಮವನ್ನು ಮನೆಯಲ್ಲಿ ಯಾರೂ ಹಂಚಿಕೊಳ್ಳಲಿಲ್ಲ.

ವೈಶಾಲಿ ಮೆಟ್ರೋದ ಬ್ಲೂ ಲೈನಿನ ಕೊನೆಯ ನಿಲ್ದಾಣ. ಅಲ್ಲಿ ಹತ್ತಿದವರಿಗೆ ಸೀಟು ಸಿಗುತ್ತದೆ, ಸೀಟು ಸಿಕ್ಕವರು ನೋಟ್‌ಬುಕ್ ಬಿಡಿಸಬಹುದು. ದೆಹಲಿಯ ಚಾಣಕ್ಯಪುರಿಯಲ್ಲಿ ಇಟಲಿ ರಾಯಭಾರ ಕಚೇರಿಯ ಸಂಸ್ಕೃತಿ ಕೇಂದ್ರವಿದೆ. ಭಾಷಾ ತರಗತಿಗಳೂ ನಡೆಯುತ್ತವೆ. ಅಂಥ ತರಗತಿಗಳಲ್ಲಿ ಈಗ ಕಾಫಿ ತರಿಸಿಕೊಳ್ಳುವುದು ಹೇಗೆ, ಹೋಟೆಲ್ ರೂಮು ಕೇಳುವುದು ಹೇಗೆ ಎಂಬುದಕ್ಕೇ ಮೊದಲ ಮಣೆ. ಧಾತುರೂಪದ ಪಟ್ಟಿ ಎಂದರೆ ಹಳೆಯ ಕಾಲದ ಗಿಳಿಪಾಠ ಎಂಬ ಅಸಡ್ಡೆ. ನನಗೆ ಆ ಅಸಡ್ಡೆ ಒಪ್ಪಿಗೆಯಿಲ್ಲ. ಸಂಸ್ಕೃತದ ಪೀರಿಯಡ್ಡಿನಲ್ಲಿ 'ಪಠತಿ, ಪಠತಃ, ಪಠಂತಿ' ಎಂದು ರಾಗವಾಗಿ ಒಪ್ಪಿಸಿದವರಿಗೆ ಗೊತ್ತು, ಬಾಯಿಪಾಠ ಕೂಡ ಒಂದು ಬಗೆಯ ಹಾಡೇ. 1623ರ ನವೆಂಬರಿನಲ್ಲಿ ಇಕ್ಕೇರಿಗೆಂದು ಘಟ್ಟ ಹತ್ತುತ್ತಿದ್ದ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲ ವಾಲ್ಲೆ, ದಾರಿಯ ಗುಡಿಯೊಂದರ ಜಗುಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ಲೆಕ್ಕವನ್ನು ಒಂದೇ ರಾಗದಲ್ಲಿ ಹಾಡಿ ಕಲಿಯುವುದನ್ನು ನೋಡಿ ಬೆರಗಾಗಿ, ಅದನ್ನೆಲ್ಲ ತನ್ನ ಇಟಾಲಿಯನ್ ಪತ್ರದಲ್ಲಿ ಬರೆದಿಟ್ಟ. ನಾನು ಮಾಡುತ್ತಿರುವುದು ಅದೇ ವಿದ್ಯೆಯನ್ನು ಅವನ ಭಾಷೆಗೆ ತಿರುಗಿಸುವ ಕೆಲಸ. ಬಾಲ್ಕನಿಯಲ್ಲಿ ನನ್ನ 'ಕಾಂತಾವೊ, ಕಾಂತಾವಿ, ಕಾಂತಾವ' ಕೇಳಿಸಿಕೊಂಡ ಪಕ್ಕದ ಮನೆಯಾಕೆ, "ಭಾಭೀಜಿ, ಯೇ ಕೌನ್ಸಾ ಜಾಪ್ ಚಲ್ ರಹಾ ಹೈ?" ಎಂದು ಕೇಳಿದ್ದರು. "ಇಟಲೀವಾಲಾ" ಎಂದೆ. ತಲೆಯಾಡಿಸಿ ಒಳಗೆ ಹೋದರು.

ಕನ್ನಡದವರಿಗೆ ಈ ಆಟದಲ್ಲಿ ಹುಟ್ಟಿನಿಂದ ಬಂದ ಅನುಕೂಲವಿದೆ. 'ಬಂದೆ' ಎಂದರೆ ಸಾಕು, 'ನಾನು' ಬೇಕಿಲ್ಲ. ಬಂದವರು ಯಾರು ಎಂದು ಬಾಲವೇ ಹೇಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕ್ರಿಯಾಪದಕ್ಕೆ ಆಖ್ಯಾತ ಪ್ರಕರಣ ಎಂಬ ಒಂದು ಅಧ್ಯಾಯವನ್ನೇ ಬಿಟ್ಟುಕೊಟ್ಟಿದ್ದಾನೆ. ಇಲ್ಲಿ ನನ್ನ ಸುತ್ತಲಿನ ಹಿಂದಿಯಲ್ಲಿ 'ಗಯಾ' ಎಂದರೆ ಹೋದವನು ನಾನೋ ನೀನೋ ಅವನೋ ಗೊತ್ತಾಗುವುದಿಲ್ಲ, ಗಂಡಸು ಎಂದಷ್ಟೇ ಗೊತ್ತು. ಇಟಾಲಿಯನ್ 'ಕಾಂತೊ' ಕೇಳಿದಾಗ ತವರಿನ ಕಡೆಯವರು ಸಿಕ್ಕ ಹಾಗಾಗುತ್ತದೆ. ಅದರ ಹಿಂದೆ 'ಈಯೊ', ಅಂದರೆ 'ನಾನು', ಸೇರಿಸಿದರೆ ಮಾತಿಗೆ ಬೇರೆ ಬಣ್ಣ ಬರುತ್ತದೆ: ನೀವೆಲ್ಲ ಸುಮ್ಮನಿರಿ, ನಾನು ಹಾಡ್ತೇನೆ ಎಂಬ ಗತ್ತು. ಕನ್ನಡದಲ್ಲೂ ಹಾಗೆಯೇ ಅಲ್ಲವೆ?

ಒತ್ತಕ್ಷರದ ವಿಷಯದಲ್ಲೂ ನಮ್ಮ ಕಿವಿ ಪಳಗಿದೆ. 'ಕಾಂತೆರೇಮೊ' ಎಂದರೆ ಹಾಡುವೆವು. 'ಕಾಂತೆರೆಮ್ಮೊ' ಎಂದರೆ ಹಾಡುತ್ತಿದ್ದೆವು, ಆದರೆ ಏನೋ ಅಡ್ಡಿಯಿದೆ. ಒಂದು ಮಕಾರದ ಒತ್ತಿನಲ್ಲಿ ಭರವಸೆ ಹೋಗಿ ನೆಪ ಬಂತು. ಇಂಗ್ಲಿಷಿನವರು ಇಲ್ಲಿ ತಡವರಿಸುತ್ತಾರೆ. ಕತೆಗೂ ಕತ್ತೆಗೂ ಭೇದ ತಿಳಿದ ನಮಗೆ ಯಾವ ತರಬೇತಿಯೂ ಬೇಕಿಲ್ಲ, ಬರೆದುಕೊಳ್ಳುವುದಕ್ಕೆ ಕನ್ನಡ ಲಿಪಿಯೇ ಸಾಕು.

ಈ ಭವಿಷ್ಯತ್ಕಾಲದ ಹುಟ್ಟು ನನಗೆ ಬಲು ಪ್ರಿಯ. ಜನರಾಡುವ ಲ್ಯಾಟಿನ್ನಿನಲ್ಲಿ 'ಕಂತಾರೆ ಹಾಬೆಯೊ' ಎಂಬ ಎರಡು ಮಾತಿದ್ದವು. ಬಾಯಿಂದ ಬಾಯಿಗೆ ಸವೆದು ಒಂದೇ 'ಕಾಂತೆರೊ' ಆಯಿತು. ಹಾಬೆಯೊ ಎಂದರೆ 'ನನಗುಂಟು'. ಅಂದರೆ ನಮ್ಮ ಮಂಗಳೂರು ಕಡೆಯ 'ಹಾಡ್ಲಿಕ್ಕುಂಟು' ಇದ್ದ ಹಾಗೇ ಇದೆ! ನಾಳೆ ಮಾಡಬೇಕಾದದ್ದನ್ನು ಇಂದೇ ಕೈಯಲ್ಲಿರುವ ಆಸ್ತಿಯಂತೆ ಹೇಳುವ ಕ್ರಮ. ಸವೆತ ಎಲ್ಲಿಲ್ಲ? 1740ರಲ್ಲಿ ಕಟ್ಟಿದ ಘಾಜಿಉದ್ದೀನ್‌ನಗರ ರೈಲು ಬಂದ ಮೇಲೆ ಘಾಜಿಯಾಬಾದ್ ಆಯಿತು. ಉದ್ದ ಹೆಸರನ್ನು ಯಾವ ಬಾಯಿಯೂ ಬಹುಕಾಲ ಹೊರುವುದಿಲ್ಲ.

ಭೂತಕಾಲಗಳಲ್ಲಿ ನನ್ನ ಮೆಚ್ಚಿನದು 'ಪಸ್ಸಾತೊ ರೆಮೋತೊ', ದೂರದ ಭೂತ: ಕಾಂತಾಯ್, ಕಾಂತಾಸ್ತಿ, ಕಾಂತೊ, ಕಾಂತಾಮ್ಮೊ, ಕಾಂತಾಸ್ತೆ, ಕಾಂತಾರೊನೊ. ಮೂರನೆಯದು ವರ್ತಮಾನದ 'ಕಾಂತೊ' ಅಲ್ಲ. ಒತ್ತು ಕೊನೆಗೆ ಬಿದ್ದು ಬಾಗಿಲು ಹಾಕಿಕೊಂಡ ಸದ್ದಾಗಬೇಕು. ಉತ್ತರ ಇಟಲಿಯವರು ಮಾತಿನಲ್ಲಿ ಇದನ್ನು ಬಹುತೇಕ ಬಿಟ್ಟೇಬಿಟ್ಟಿದ್ದಾರೆ. ಬಾಲ್ಯದಲ್ಲಿ ಹಾಡಿದ್ದಕ್ಕೂ 'ಓ ಕಾಂತಾತೊ', ಹಾಡಿದ್ದೇನೆ, ಎನ್ನುತ್ತಾರೆ. ಸಿಸಿಲಿಯವರು ಬೆಳಿಗ್ಗೆ ಹಾಡಿದ್ದಕ್ಕೂ 'ಕಾಂತಾಯ್' ಎನ್ನಬಲ್ಲರು. ನಾನು ಸಿಸಿಲಿಯವರ ಪಕ್ಷ.

ಸಂಭಾವನೆಯ ರೂಪವಾದ 'ಕೊಂಜುಂತೀವೊ' ನನಗೆ ಸ್ವಲ್ಪ ಸಪ್ಪೆ. ವರ್ತಮಾನದಲ್ಲಿ ಕಾಂತಿ, ಕಾಂತಿ, ಕಾಂತಿ ಎಂದು ಏಕವಚನದ ಮೂರೂ ಒಂದೇ. ಬಾಲ ಕೈಕೊಟ್ಟದ್ದರಿಂದ ಸರ್ವನಾಮವನ್ನು ಮತ್ತೆ ಕರೆಯಬೇಕಾಗುತ್ತದೆ. ನಮ್ಮ 'ಹಾಡಿಯೇನು, ಹಾಡೀಯೆ, ಹಾಡಿಯಾನು' ಇದಕ್ಕಿಂತ ಎಷ್ಟು ಚೆಂದ! ಕೊಂಜುಂತೀವೊ ಸಾಯುತ್ತಿದೆ ಎಂದು ಇಟಲಿಯ ಮೇಷ್ಟ್ರುಗಳು ಗೋಳಾಡುತ್ತಿರುತ್ತಾರೆ. ನಮ್ಮ 'ಹಾಡಿಯಾನು' ಪೇಟೆ ಬಿಟ್ಟುಹೋದದ್ದಕ್ಕೆ ಯಾರೂ ಅತ್ತಿಲ್ಲ. ನಿಷೇಧದಲ್ಲಂತೂ ಕನ್ನಡದ ಮುಂದೆ ಇಟಾಲಿಯನ್ ಬಡವ. ನಮಗೆ 'ಹಾಡೆನು, ಹಾಡನು, ಹಾಡಳು' ಎಂದು ಒಂದೇ ಪದ. ಅವರು ಪ್ರತಿಸಲ ಮುಂದೆ 'ನೊನ್' ನಿಲ್ಲಿಸಬೇಕು.

ಹಾಗೆಂದು ಎಲ್ಲ ಸಾಲವೂ ಕನ್ನಡಕ್ಕೇ ಸಲ್ಲುವುದಿಲ್ಲ. 'ಮೈನೇ ಆಮ್ ಖಾಯಾ', ಆದರೆ 'ಮೈನೇ ರೋಟೀ ಖಾಯೀ': ತಿಂದವಳು ನಾನೇ ಆದರೂ ಕ್ರಿಯಾಪದ ಮಾವಿನ ಹಣ್ಣಿನ ಲಿಂಗ, ರೊಟ್ಟಿಯ ಲಿಂಗ ನೋಡಿಕೊಂಡು ಬದಲಾಗುತ್ತದೆ. ದಕ್ಷಿಣದಿಂದ ಬಂದವರಿಗೆಲ್ಲ ಹಿಂದಿಯಲ್ಲಿ ಬೆವರಿಳಿಸುವ ಜಾಗ ಇದು. ಇಲ್ಲಿನ ತರಕಾರಿ ಗಾಡಿಗಳ ಮುಂದೆ ನಿಂತು ಅದು ನಾಲಿಗೆಗೆ ಒಗ್ಗಿದ ಮೇಲೆ ಇಟಾಲಿಯನ್ನಿನಲ್ಲಿ ಅದೇ ಕಟ್ಟಳೆ ಎದುರಾಯಿತು. ಹಾಡಿದ್ದು 'ಕಾಂತ್ಸೋನೆ', ಅಂದರೆ ಸ್ತ್ರೀಲಿಂಗದ ಗೀತೆ, ಆಗಿದ್ದರೆ 'ಅದನ್ನು ಹಾಡಿದ್ದೇನೆ' ಎನ್ನಲು 'ಲೊ ಕಾಂತಾತ'. ಪುಲ್ಲಿಂಗದ 'ಇನ್ನೊ', ಅಂದರೆ ಸ್ತೋತ್ರ, ಆಗಿದ್ದರೆ 'ಲೊ ಕಾಂತಾತೊ'. ಹೋಗಿದ್ದೇನೆ ಎನ್ನುವಾಗ ನಾನು 'ಸೋನೊ ಅಂದಾತ', ನನ್ನ ಯಜಮಾನರು 'ಸೋನೊ ಅಂದಾತೊ'. ಬಾಲ ಹಿಡಿಯಲು ಕನ್ನಡ ಕಲಿಸಿತು, ಲಿಂಗ ಹಿಡಿಯಲು ಘಾಜಿಯಾಬಾದ್.

ಮರ್ಯಾದೆಯ ವಿಷಯವೊಂದು ಉಳಿಯಿತು. ಇಟಲಿಯವರು ಗೌರವಕ್ಕೆ ಎದುರಿಗಿದ್ದವರನ್ನೇ ಪ್ರಥಮ ಪುರುಷದಲ್ಲಿ, ಅದೂ 'ಅವಳು' ಎಂಬ 'ಲೇಯಿ'ಯಿಂದ ಮಾತಾಡಿಸುತ್ತಾರೆ. 'ಸಾಹೇಬ್ರು ಯಾವಾಗ ಬಂದ್ರು?' ಎಂದು ಸಾಹೇಬರನ್ನೇ ಕೇಳುವ ನಮಗೆ ಇದರಲ್ಲಿ ವಿಚಿತ್ರವೇನಿಲ್ಲ. ಮುಸೊಲಿನಿಯ ಸರ್ಕಾರಕ್ಕೆ ಮಾತ್ರ ಲೇಯಿ ಹೆಣ್ಣಿಗತನವಾಗಿ, ಪರದೇಶಿಯಾಗಿ ಕಂಡಿತು. 1938ರಲ್ಲಿ ಅದನ್ನು ನಿಷೇಧಿಸಿ 'ವೋಯಿ', ಅಂದರೆ 'ನೀವು', ಬಳಸಿ ಎಂದರು. 'ಲೇಯಿ' ಹೆಸರಿನ ಮಹಿಳಾ ಪತ್ರಿಕೆಯೊಂದು 'ಅನ್ನಬೆಲ್ಲ' ಆಗಬೇಕಾಯಿತು. ಸರ್ಕಾರ ಬಿತ್ತು, ಲೇಯಿ ವಾಪಸ್ಸು ಬಂತು.

ಕಲಿಯುವ ಮನಸ್ಸಿದ್ದವರು ಆ್ಯಪು ಪಕ್ಕಕ್ಕಿಟ್ಟು ಗೆರೆಯ ನೋಟ್‌ಬುಕ್ಕು, ಪೆನ್ನು ಹಿಡಿದು ಆರೆ ಕುಲದಿಂದ ಶುರು ಮಾಡಿ. ಅದಕ್ಕೂ ಮೊದಲು 'ಆವೇರೆ' (ಹೊಂದಿರು), 'ಎಸ್ಸೆರೆ' (ಇರು) ಎರಡನ್ನು ಬಾಯಿಪಾಠ ಮಾಡಿಕೊಳ್ಳಿ. ಎರಡೂ ನಿಯಮಕ್ಕೆ ಸಿಕ್ಕುವುದಿಲ್ಲ, ಆದರೆ ಶಾಲೆಯ ವ್ಯಾಕರಣ ಎಣಿಸುವ 21 ಕಾಲಗಳಲ್ಲಿ ಅರ್ಧದಷ್ಟು ಇವುಗಳ ಸಹಾಯವಿಲ್ಲದೆ ನಡೆಯುವುದಿಲ್ಲ.