ಮರವಾಗಲು ಹೊಂಚುವ ಬೇಲಿ

ಫೈಕಸ್ ಬೇಲಿ ಎಂದರೆ ಸಾಲಾಗಿ ನಿಲ್ಲಿಸಿ, ತಲೆ ಸವರಿ, ಮರವಾಗಲು ಬಿಡದೆ ಇಟ್ಟ ಮರಗಳು. ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳದೇ ಕುಲ. ಬೇಲಿಗೆಂದು ಹೆಚ್ಚಾಗಿ ನೆಡುವುದು ಎರಡು: ಕೊಂಬೆ ಜೋಲುವ, ತೆಳು ಎಲೆಯ ಬೆಂಜಮಿನ, ಎಲೆ ತುಸು ದಪ್ಪಗಿರುವ ಮೈಕ್ರೊಕಾರ್ಪ. ಎರಡನೆಯದಕ್ಕೆ ಪೀಲಾಲ, ಕಿರುಗೋಳಿ ಎಂಬ ಹೆಸರುಗಳು ಕನ್ನಡದಲ್ಲೇ ಇವೆ. ಆದರೆ ಕಿರುಗೋಳಿ ಎಂದರೆ ನರ್ಸರಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಫೈಕಸ್ ಎನ್ನಬೇಕು.

ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟ ಸಾಲುಮರದ ತಿಮ್ಮಕ್ಕ, ದನ ಬಾಯಿ ಹಾಕದಿರಲೆಂದು ಸುತ್ತ ಮುಳ್ಳಿನ ಬೇಲಿ ಕಟ್ಟುತ್ತಿದ್ದರು. ಅಲ್ಲಿ ಬೇಲಿಯ ಕಾವಲಿನಲ್ಲಿ ಆಲ. ಬೆಂಗಳೂರಿನ ಬಡಾವಣೆಗಳಲ್ಲಿ ಆಲದ ದಾಯಾದಿಯೇ ಕಾವಲುಗಾರ.

ನೆಡಲು ಮುಂಗಾರಿನ ಆರಂಭ ಒಳ್ಳೆಯದು. ಉದ್ದಕ್ಕೆ ಕಾಲುವೆ ತೋಡಿ, ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, 2–3 ಅಡಿಗೊಂದು ಸಸಿ ಇಡಬೇಕು. ಪ್ಯಾಕೆಟ್ಟಿನೊಳಗೆ ಬೇರು ಸುತ್ತಿಕೊಂಡಿದ್ದರೆ ಬಿಡಿಸಬೇಕು. ಜಾಗ ಬದಲಾದ ಮುನಿಸಿಗೆ ಬೆಂಜಮಿನ ಎಲೆ ಉದುರಿಸುತ್ತದೆ. ಗಾಬರಿಯಿಂದ ದಿನಕ್ಕೆರಡು ಸಲ ನೀರು ಸುರಿದು ಬೇರು ಕೊಳೆಸುವವರೇ ಹೆಚ್ಚು.

ಸಸಿ ಬೇಕಾದ ಎತ್ತರಕ್ಕೆ ಬರಲಿ, ಆಮೇಲೆ ಕತ್ತರಿಸೋಣ ಎಂದು ಕಾಯುವುದು ತಪ್ಪು. ತುದಿಯ ಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಅದುಮಿ ಹಿಡಿಯುತ್ತದೆ. ತುದಿ ಚಿವುಟಿದರಷ್ಟೇ ಪಕ್ಕದವಕ್ಕೆ ಉಸಿರು. ಬೇಲಿಯ ಬುಡ ಅಗಲ, ನೆತ್ತಿ ಸಪೂರ ಇರಬೇಕು. ತಿರುಗುಮುರುಗಾದರೆ ಕೆಳಗಿನ ಎಲೆಗಳಿಗೆ ಬಿಸಿಲು ಬೀಳದೆ ಮೊಣಕಾಲು ಬರಿದಾಗಿ, ನಾಯಿ ನುಸುಳುವ ಕಂಡಿಗಳಾಗುತ್ತವೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಕತ್ತರಿ ಆಡಲೇಬೇಕು. ಕತ್ತರಿಸಿದಲ್ಲೆಲ್ಲ ಹಾಲಿನಂಥ ಸೊನೆ ಒಸರುತ್ತದೆ. ಅದು ಕೆಲವರಿಗೆ ತುರಿಕೆ ತರುತ್ತದೆ, ಕತ್ತರಿಗೂ ಅಂಟಿ ಕೂರುತ್ತದೆ.

ತುದಿಯ ಎಲೆಗಳು ಮಡಿಸಿದ ಬೀಡದಂತೆ ಕಂಡರೆ ಬಿಡಿಸಿ ನೋಡಬೇಕು. ಒಳಗೆ ಎಳ್ಳಿಗಿಂತ ಸಣಕಲಾದ ಕಪ್ಪು ಹುಳುಗಳು ಬಾಲವೆತ್ತಿ ಓಡುತ್ತವೆ. ಎಲೆಗೆ ಅಂಟಿಕೊಂಡ ಬಿಳಿ ಮೊಟ್ಟೆಗಳು, ನಡುವೆ ತೆಳುಹಳದಿ ಮರಿಗಳು. ಇವು ಥ್ರಿಪ್ಸ್. ಔಷಧಿ ಮಡಿಕೆಯೊಳಗೆ ಸುಲಭವಾಗಿ ಇಳಿಯದು. ಚಿವುಟಿ ಚೀಲಕ್ಕೆ ತುಂಬಿ ಸಾಗಿಸುವುದೇ ವಾಸಿ.

ಬಿಳಿನೊಣದ ಕತೆ ಇದಕ್ಕಿಂತ ದೊಡ್ಡದು. ಅಮೆರಿಕದ ಫ್ಲಾರಿಡಾದಲ್ಲಿ ಫೈಕಸ್ ಬೇಲಿಯೇ ಸಿರಿವಂತಿಕೆಯ ಗುರುತು; ಪಾಮ್ ಬೀಚಿನ ಬಂಗಲೆಗಳ ಮುಂದೆ ಅದು ಮನೆಯೆತ್ತರದ ಹಸಿರು ಕೋಟೆ. 2007ರಲ್ಲಿ ಮಯಾಮಿ ಸುತ್ತಮುತ್ತ ಒಂದು ಪುಟ್ಟ ನೊಣ ಕಾಣಿಸಿಕೊಂಡಿತು. ಎಲೆ ಹಳದಿಯಾಗಿ, ಉದುರಿ, ಕೋಟೆಗಳೆಲ್ಲ ಕಡ್ಡಿಗಳಾದವು. ಈ ನೊಣ ವಿಜ್ಞಾನಕ್ಕೆ ಹೊಸದಲ್ಲ. 1931ರಲ್ಲೇ ಭಾರತದ ಬಿಳಿನೊಣಗಳ ಅಧ್ಯಯನದಲ್ಲಿ ಕರಮ್ ಸಿಂಗ್ ಇದನ್ನು ವಿವರಿಸಿದ್ದರು. ಅದರ ಈಗಿನ ಹೆಸರು ಸಿಂಘಿಯೆಲ್ಲಾ ಸಿಂಪ್ಲೆಕ್ಸ್. ನಮ್ಮೂರ ಹುಳು, ನಮ್ಮ ಕಡೆಯ ಗಿಡ. ಪರದೇಶದಲ್ಲಿ ತವರೂಟ ಸಿಕ್ಕರೆ ಯಾರು ಬಿಟ್ಟಾರು? ಬೇಲಿ ಕಳೆದುಕೊಂಡ ಎಷ್ಟೋ ಮಂದಿ ಕ್ಲೂಸಿಯಾ ಎಂಬ ಬೇರೆ ಗಿಡಕ್ಕೆ ಹೋದರು. ಚಿಕ್ಕ ಬೇಲಿಯಾದರೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿ, ಬೇವಿನೆಣ್ಣೆ ಸಿಂಪಡಿಸಿದರೆ ಹತೋಟಿಗೆ ಬರುವುದುಂಟು.

ಉಳಿದದ್ದು ಬೇರು. ಕತ್ತರಿಗೆ ಸಿಗುವುದು ಮೇಲಿನ ಅರ್ಧ ಮಾತ್ರ. ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹಬ್ಬಿದ್ದನ್ನು ಕಣ್ಣಾರೆ ಕಂಡವರೂ 30–40ರ ಸೈಟಿನಲ್ಲಿ ಅದರ ನೆಂಟನನ್ನು ನೆಡುತ್ತಾರೆ. ಕಾಂಪೌಂಡು, ಒಳಚರಂಡಿಯ ಛೇಂಬರು, ಸಂಪು, ಎಲ್ಲದರಿಂದಲೂ ದೂರವಿಡಬೇಕೆಂಬುದು ನಿಯಮ. ದೂರವೇ ಇಲ್ಲದ ಸೈಟಿನಲ್ಲಿ, ವರ್ಷ ಎರಡು ವರ್ಷಕ್ಕೊಮ್ಮೆ ಬೇಲಿಯ ಪಕ್ಕ ಗುಂಡಿ ತೋಡಿ ಬೇರು ಕಡಿಯಬೇಕು.

ಈ ಲೇಖಕನ ಮನೆಯಲ್ಲಿ ಕಡಿಯಲಿಲ್ಲ. ಬೇಲಿ ಕನ್ನಡಿಯಂತೆ ನುಣುಪಾಗಿತ್ತು, ಬೀದಿಯವರೆಲ್ಲ ಹೊಗಳುತ್ತಿದ್ದರು, ಕೆಳಗೇನು ನಡೆದಿದೆ ಎಂದು ಕೇಳಿದವರಿಲ್ಲ. ಒಂದು ಬೇಸಿಗೆ ಸಂಪು ತೊಳೆಯಲು ಇಳಿದ ಹುಡುಗ ಒಳಗಿಂದಲೇ ಕೂಗಿದ: “ಸಾರ್, ಇಲ್ಲಿ ಯಾರದೋ ಜಡೆ ಇದೆ!” ಕೂದಲೆಳೆಯಷ್ಟು ಬಿರುಕಿನಲ್ಲಿ ದಾರದಂತೆ ನುಸುಳಿ, ನೀರು ಸಿಕ್ಕ ಮೇಲೆ ಬಿಚ್ಚಿಕೊಂಡ ಕಂದು ಬೇರು, ಎಳೆದಷ್ಟೂ ಬಂತು, ಆಳುದ್ದ. ಬಿರುಕಿಗೆ ಸಿಮೆಂಟು ಮೆತ್ತಿಸಿ, ಸಂಪಿನ ಪಕ್ಕದ 3 ಗಿಡಗಳನ್ನು ಬುಡಸಮೇತ ತೆಗೆಸಲಾಯಿತು. ಜಡೆಯನ್ನು ಕಾಂಪೌಂಡಿನ ಮೇಲೆ ಒಣಗಲು ಹರಡಿದ್ದರು. ಸಂಜೆ ಪಕ್ಕದ ಮನೆಯ ಅಜ್ಜಿ ಬಂದು, ಕುಡಿಯುವ ನೀರಿಗೆ ಹಾಕಲು ಒಂದು ಹಿಡಿ ಲಾವಂಚ ಸಿಗಬಹುದೇ ಎಂದು ಕೇಳಿದರು.